ಅಮಾನುಷವೋ, ಚಿತ್ರಹಿಂಸೆಯೋ? 14 ಜನರ ನೋವನ್ನು ಅಳೆದ ಒಂದು ಪ್ರಕರಣ

ಪೊಲೀಸ್ ಠಾಣೆಯಲ್ಲಿ ಯಾರನ್ನೋ ಬಡಿದ ಸುದ್ದಿ ಬಂದರೆ ನಾವು 'ಅಮಾನುಷ' ಅಂತೀವಿ, 'ಚಿತ್ರಹಿಂಸೆ' ಅಂತಾನೂ ಅಂತೀವಿ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಆದರೆ ಕಾನೂನಿನಲ್ಲಿ ಇವೆರಡು ಬೇರೆ ಬೇರೆ. ಯಾವ ಮಾತು ಬಳಸುತ್ತೇವೆ ಅನ್ನೋದರ ಮೇಲೆ ಸರ್ಕಾರಗಳ ಮಾನ ನಿಂತಿರುತ್ತದೆ, ಮುಂದೆ ಇನ್ಯಾರ ಮೇಲೋ ಏನು ಮಾಡಬಹುದು ಅನ್ನೋದೂ ನಿಂತಿರುತ್ತದೆ. ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಐರ್ಲೆಂಡ್ ದೇಶ ಬ್ರಿಟನ್ ವಿರುದ್ಧ ಹಾಕಿದ ಒಂದು ಕೇಸಿನಲ್ಲಿ. ಅದು 1971ರಲ್ಲಿ ಶುರುವಾಯಿತು. 1978ರಲ್ಲಿ ತೀರ್ಪು ಬಂತು. 2018ರಲ್ಲಿ ಮತ್ತೆ ಕೋರ್ಟಿನ ಬಾಗಿಲು ತಟ್ಟಿ ವಾಪಸ್ ಬಂತು. ಆ ತೀರ್ಪು ತಪ್ಪು ಅಂತ ನಾನು ನಂಬುತ್ತೇನೆ. ಯಾಕೆ ಅಂತ ಹೇಳುವ ಮೊದಲು ನಡೆದದ್ದನ್ನು ಹೇಳಬೇಕು.

ಏನು ನಡೆಯಿತು

1971ರ ಆಗಸ್ಟ್ 9ರ ಬೆಳಗಿನ ಜಾವ ಬ್ರಿಟನ್ನಿನ ಆಡಳಿತದಲ್ಲಿರುವ ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಸೈನಿಕರು ಮನೆ ಮನೆಗೆ ನುಗ್ಗಿದರು. ಕೈಯಲ್ಲಿ ಮೊದಲೇ ಮಾಡಿಟ್ಟ ಪಟ್ಟಿ ಇತ್ತು. ಸುಮಾರು 350 ಜನರನ್ನು ಹಿಡಿದರು. ಆರೋಪಪಟ್ಟಿ ಇಲ್ಲ, ಕೋರ್ಟಿಲ್ಲ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐರಿಷ್ ರಿಪಬ್ಲಿಕನ್ ಆರ್ಮಿ (ಐಆರ್‌ಎ) ಜೊತೆ ನಂಟಿದೆ ಎಂಬ ಅನುಮಾನವೇ ಸಾಕಿತ್ತು. ಅದರಲ್ಲಿ 104 ಜನರನ್ನು 48 ಗಂಟೆಯೊಳಗೆ ಬಿಟ್ಟುಬಿಟ್ಟರು. ಪಟ್ಟಿ ಎಷ್ಟು ಸರಿಯಾಗಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ.

ಉಳಿದವರಲ್ಲಿ 12 ಜನರನ್ನು 'ಆಳವಾದ ವಿಚಾರಣೆ'ಗೆ ಅಂತ ಬೇರೆ ಮಾಡಿದರು. ಅಕ್ಟೋಬರ್‌ನಲ್ಲಿ ಇನ್ನಿಬ್ಬರು ಸೇರಿದರು. ಒಟ್ಟು 14. ಇವರನ್ನು ಎಲ್ಲಿಗೆ ಒಯ್ದರು ಅಂತ ಆಗ ಯಾರಿಗೂ ಹೇಳಲಿಲ್ಲ. ತೀರ್ಪಿನಲ್ಲೂ ಅದು 'ಗುರುತಿಸದ ಕೇಂದ್ರ' ಅಂತಲೇ ಇದೆ. ಅದು ಬ್ಯಾಲಿಕೆಲ್ಲಿ ಎಂಬಲ್ಲಿನ ಸೇನಾ ವಿಮಾನ ನೆಲೆ ಅಂತ ಎಷ್ಟೋ ವರ್ಷಗಳ ನಂತರ ಹಳೆಯ ಸರ್ಕಾರಿ ಕಡತಗಳಿಂದ ತಿಳಿಯಿತು.

ಅಲ್ಲಿ ಮಾಡಿದ್ದು ಐದು ಕೆಲಸ. ತಲೆಗೆ ಕಪ್ಪು ಅಥವಾ ಕಡುನೀಲಿ ಬಣ್ಣದ ಚೀಲ ಹಾಕಿದರು. ಪ್ರಶ್ನೆ ಕೇಳುವಾಗ ಮಾತ್ರ ತೆಗೆಯುತ್ತಿದ್ದರು. ಪ್ರಶ್ನೆ ಕೇಳದ ಹೊತ್ತಿನಲ್ಲಿ ಒಂದು ಕೋಣೆಯಲ್ಲಿ ನಿಲ್ಲಿಸಿ, ಬುಸುಗುಟ್ಟುವಂಥ ಜೋರು ಸದ್ದನ್ನು ಬಿಡದೆ ಕೇಳಿಸುತ್ತಿದ್ದರು. ನಿದ್ದೆ ಮಾಡಲು ಬಿಡಲಿಲ್ಲ. ಅನ್ನ, ನೀರು ಸರಿಯಾಗಿ ಕೊಡಲಿಲ್ಲ. ಐದನೆಯದು ಗೋಡೆ. ಕಾಲು ಅಗಲಿಸಿ, ಹಿಂದಕ್ಕೆ ಸರಿಸಿ, ತುದಿಗಾಲಲ್ಲಿ ನಿಲ್ಲಬೇಕು. ಕೈ ತಲೆಯ ಮೇಲೆ ಎತ್ತರಕ್ಕೆ ಚಾಚಿ ಗೋಡೆಗೆ ಬೆರಳು ಊರಬೇಕು. ಮೈಭಾರವೆಲ್ಲ ಬೆರಳುಗಳ ಮೇಲೆ.

ಬೇಕಾದರೆ ಗೋಡೆಗೆ ಹೀಗೆ ಎರಡು ನಿಮಿಷ ನಿಂತು ನೋಡಿ. ಮೊದಲು ಬೆರಳ ತುದಿ ಬಿಳಿಚಿಕೊಳ್ಳುತ್ತದೆ. ಆಮೇಲೆ ಮೀನಖಂಡ ನಡುಗಲು ಶುರುವಾಗುತ್ತದೆ. ಭುಜ ಉರಿಯುತ್ತದೆ. ಯಾರೂ ನಿಮ್ಮನ್ನು ಮುಟ್ಟಿಲ್ಲ. ನಿಮ್ಮ ಮೈಯೇ ನಿಮ್ಮನ್ನು ನೋಯಿಸುತ್ತಿದೆ. ಈ ಪ್ರಕರಣದಲ್ಲಿ ವಿವರವಾಗಿ ಪರಿಶೀಲಿಸಿದ ಇಬ್ಬರು ಬೇರೆ ಬೇರೆ ಸಲ ಸೇರಿ ಒಟ್ಟು 20ರಿಂದ 30 ಗಂಟೆ ಹೀಗೆ ಗೋಡೆಗೆ ನಿಂತಿದ್ದರು. ಇದೆಲ್ಲ ನಾಲ್ಕೈದು ದಿನ ನಡೆಯಿತು. ಇಬ್ಬರ ತೂಕವೂ ಇಳಿಯಿತು. ವಿಚಾರಣೆ ನಡೆಯುತ್ತಿರುವಾಗಲೇ ಮನಸ್ಸಿನ ಸ್ಥಿಮಿತ ತಪ್ಪಿದ ತೀವ್ರ ಲಕ್ಷಣಗಳು ಕಂಡವು.

ಚೀಲ, ಸದ್ದು, ನಿದ್ದೆಗೇಡು ಇವೆಲ್ಲ ಒಟ್ಟಿಗೆ ಸೇರಿದರೆ ಏನಾಗುತ್ತದೆ ಅಂತ ಯೋಚಿಸಬೇಕು. ಹಗಲೋ ರಾತ್ರಿಯೋ ಗೊತ್ತಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಗೊತ್ತಿಲ್ಲ. ನಿಮ್ಮದೇ ದನಿ ನಿಮಗೆ ಕೇಳಿಸುವುದಿಲ್ಲ. ಎಷ್ಟು ಹೊತ್ತಾಯಿತು, ಇನ್ನೆಷ್ಟು ಹೊತ್ತು ಅಂತ ಲೆಕ್ಕ ಹಾಕಲು ಯಾವ ಆಧಾರವೂ ಇಲ್ಲ. ಒಬ್ಬ ಮನುಷ್ಯ ತಾನು ಯಾರು, ಎಲ್ಲಿದ್ದೇನೆ ಅಂತ ಹಿಡಿದುಕೊಳ್ಳುವ ಎಲ್ಲ ಎಳೆಗಳನ್ನೂ ಒಂದೊಂದಾಗಿ ಕತ್ತರಿಸುವ ಕೆಲಸ ಅದು. ಹೊಡೆತ ಇದರ ಮುಖ್ಯ ಭಾಗವೇ ಅಲ್ಲ.

ಇದು ಯಾರೋ ಸಿಟ್ಟಿನ ಭರದಲ್ಲಿ ಮಾಡಿದ್ದೂ ಅಲ್ಲ. ಬ್ರಿಟನ್ನಿನ ಗುಪ್ತಚರ ತರಬೇತಿ ಕೇಂದ್ರದವರು 1971ರ ಏಪ್ರಿಲ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸರಿಗೆ ಒಂದು ತರಬೇತಿ ಏರ್ಪಡಿಸಿ ಇದನ್ನು ಹೇಳಿಕೊಟ್ಟರು. ಎಲ್ಲವೂ ಬಾಯಿಮಾತಿನಲ್ಲಿ. ಒಂದು ಹಾಳೆಯಲ್ಲೂ ಬರೆಯಲಿಲ್ಲ, ಯಾವ ಅಧಿಕೃತ ಕಡತದಲ್ಲೂ ಅನುಮತಿ ದಾಖಲಾಗಲಿಲ್ಲ. ಬರೆಯಲು ಅಂಜುವಂಥ ಕೆಲಸ ಎಂಥದ್ದು ಅಂತ ಮಾಡುವವರಿಗೆ ಗೊತ್ತಿರುತ್ತದೆ ಅಲ್ವಾ? ಪ್ಯಾಲೆಸ್ಟೈನ್, ಮಲಯಾ, ಕೀನ್ಯಾ, ಸೈಪ್ರಸ್, ಏಡನ್ ಹೀಗೆ ಹಳೆಯ ವಸಾಹತುಗಳಲ್ಲಿ ಬಳಸಿ ಪಳಗಿದ ವಿಧಾನಗಳು ಇವು. ಆಮೇಲೆ ಬ್ರಿಟಿಷ್ ಸರ್ಕಾರವೇ ನೇಮಿಸಿದ ಪಾರ್ಕರ್ ಸಮಿತಿಯ ವರದಿ ಇದನ್ನು ಒಪ್ಪಿಕೊಂಡಿದೆ.

ಮೊದಲ ಅರ್ಥ: ಹಿಂಸಿಸುವವನ ಮನಸ್ಸು ನೋಡಿ

ಸುದ್ದಿ ಹೊರಬಿದ್ದ ಮೇಲೆ ಸರ್ಕಾರ ಸರ್ ಎಡ್ಮಂಡ್ ಕಾಂಪ್ಟನ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. 1971ರ ನವೆಂಬರ್‌ನಲ್ಲಿ ವರದಿ ಬಂತು. ಚೀಲ ಹಾಕಿದ್ದು ನಿಜ, ಗೋಡೆಗೆ ನಿಲ್ಲಿಸಿದ್ದು ನಿಜ, ದೈಹಿಕವಾಗಿ ಕೆಟ್ಟದಾಗಿ ನಡೆಸಿಕೊಂಡದ್ದೂ ನಿಜ. ಆದರೆ ಕ್ರೌರ್ಯ ಮಾತ್ರ ನಡೆದಿಲ್ಲ ಅಂತ ಸಮಿತಿ ಹೇಳಿತು. ಹೇಗೆ? ಕ್ರೌರ್ಯ ಎಂದರೆ ನೋಯಿಸಬೇಕೆಂಬ ಮನಸ್ಸು ಇರಬೇಕು, ಜೊತೆಗೆ ನೊಂದವನ ನೋವಿನ ಬಗ್ಗೆ ಅಸಡ್ಡೆಯಾದರೂ ಸುಖವಾದರೂ ಇರಬೇಕು ಎಂಬುದು ಸಮಿತಿಯ ವ್ಯಾಖ್ಯಾನ.

ಅಂದರೆ ಗೋಡೆಗೆ ನಿಂತವನ ಬೆರಳು ನೋಡಬೇಡಿ, ನಿಲ್ಲಿಸಿದವನ ಮುಖ ನೋಡಿ. ಅವನು ಶಾಂತವಾಗಿ, ಶಿಸ್ತಿನಿಂದ, ಡ್ಯೂಟಿ ಎಂದು ಮಾಡಿದ್ದರೆ ಅದು ಕ್ರೌರ್ಯವಲ್ಲ! ಈ ಅಳತೆಯಲ್ಲಿ ಕೋಪ ಬಂದು ಒಂದು ಏಟು ಹಾಕಿದವನು ಕ್ರೂರಿಯಾಗುತ್ತಾನೆ, ಗಡಿಯಾರ ನೋಡಿಕೊಂಡು ನಾಲ್ಕು ದಿನ ನಿದ್ದೆಗೆಡಿಸಿದವನು ಆಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ಅಪಾಯದ ಮಾತು ಇದು. ಸಂಘಟಿತವಾದ ಹಿಂಸೆ ಯಾವಾಗಲೂ ಡ್ಯೂಟಿಯ ಹೆಸರಲ್ಲೇ ನಡೆಯುತ್ತದೆ. ಮಾಡುವವರಿಗೆ ಅದರಲ್ಲಿ ಸುಖ ಸಿಗಬೇಕು ಅಂತೇನಿಲ್ಲ.

ಪಾರ್ಕರ್ ಸಮಿತಿಯಲ್ಲಿ ಮೂವರು. ಇಬ್ಬರು, ಸರಿಯಾದ ನಿಗಾ ಇದ್ದರೆ ಈ ವಿಧಾನಗಳನ್ನು ಬಳಸಬಹುದು ಎಂದರು. ಲಾರ್ಡ್ ಗಾರ್ಡಿನರ್ ಒಬ್ಬರೇ ಬೇರೆ ಬರೆದರು. ಇದು ಗುಟ್ಟಾಗಿ ಮಾಡಿದ್ದು, ಕಾನೂನುಬಾಹಿರ, ನೈತಿಕವಾಗಿ ಸಮರ್ಥಿಸಲಾಗದ್ದು ಎಂದರು. ಪ್ರಧಾನಿ ಎಡ್ವರ್ಡ್ ಹೀತ್ 1972ರ ಮಾರ್ಚ್ 2ರಂದು ಸಂಸತ್ತಿನಲ್ಲಿ ನಿಂತು, ಈ ವಿಧಾನಗಳನ್ನು ಇನ್ನು ಮುಂದೆ ವಿಚಾರಣೆಗೆ ಬಳಸುವುದಿಲ್ಲ ಎಂದು ಪ್ರಕಟಿಸಿದರು. 14 ಜನರಿಗೂ ಪರಿಹಾರ ಸಿಕ್ಕಿತು, ತಲಾ 10,000ದಿಂದ 25,000 ಪೌಂಡ್.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ 1971ರ ಡಿಸೆಂಬರ್ 16ರಂದೇ ಐರ್ಲೆಂಡ್ ಸರ್ಕಾರ ಯುರೋಪಿನ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟಾಗಿತ್ತು.

ಎರಡನೇ ಅರ್ಥ: ಉದ್ದೇಶ ಏನು, ವಿಧಾನ ಏನು

ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 3ನೇ ವಿಧಿ ಒಂದೇ ಸಾಲಿನದು. ಯಾರಿಗೂ ಚಿತ್ರಹಿಂಸೆ ಕೊಡಬಾರದು, ಅಮಾನುಷವಾಗಿ ಅಥವಾ ಹೀನಾಯವಾಗಿ ನಡೆಸಿಕೊಳ್ಳಬಾರದು, ಅಂಥ ಶಿಕ್ಷೆಯನ್ನೂ ಕೊಡಬಾರದು. ಇದಕ್ಕೆ ವಿನಾಯಿತಿಯೇ ಇಲ್ಲ. ಯುದ್ಧ ಇರಲಿ, ಬಾಂಬು ಸಿಡಿಯುತ್ತಿರಲಿ, ಇಲ್ಲ ಅಂದರೆ ಇಲ್ಲ. ಆದರೆ ಚಿತ್ರಹಿಂಸೆ ಎಂದರೇನು, ಅಮಾನುಷ ಎಂದರೇನು ಅಂತ ವಿಧಿ ಹೇಳುವುದಿಲ್ಲ.

1969ರಲ್ಲಿ ಗ್ರೀಸಿನ ಸೇನಾ ಆಡಳಿತದ ವಿರುದ್ಧದ ಕೇಸಿನಲ್ಲಿ ಆಯೋಗ ಇದಕ್ಕೆ ಒಂದು ಅರ್ಥ ಕೊಟ್ಟಿತ್ತು. ಬೇಕೆಂದೇ ತೀವ್ರವಾದ ದೈಹಿಕ ಅಥವಾ ಮಾನಸಿಕ ನೋವು ಕೊಡುವುದು ಅಮಾನುಷ. ಬೇರೆಯವರ ಮುಂದೆ ವಿಪರೀತ ಅವಮಾನ ಮಾಡುವುದು, ಅಥವಾ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯುವಂತೆ ಮಾಡುವುದು ಹೀನಾಯ. ಇದೇ ಅಮಾನುಷ ನಡವಳಿಕೆಗೆ ಒಂದು ಉದ್ದೇಶ ಇದ್ದರೆ, ಮಾಹಿತಿ ಕಕ್ಕಿಸುವುದೋ, ತಪ್ಪೊಪ್ಪಿಗೆ ಬರೆಸಿಕೊಳ್ಳುವುದೋ, ಶಿಕ್ಷಿಸುವುದೋ, ಆಗ ಅದು ಚಿತ್ರಹಿಂಸೆ.

ಆ ಕಣ್ಣಿನಿಂದಲೇ ಆಯೋಗ 1976ರಲ್ಲಿ ಈ 14 ಜನರ ವಿಷಯ ನೋಡಿತು. ಐದೂ ವಿಧಾನ ಸೇರಿಸಿ ಮಾಡಿದ್ದು ಚಿತ್ರಹಿಂಸೆಯೇ ಅಂತ ಒಮ್ಮತದಿಂದ ಹೇಳಿತು. ಅವರು ಕೊಟ್ಟ ಕಾರಣ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಹೊಡೆದು ಕೇಳಿದರೆ ಮನುಷ್ಯ ಬಾಯಿ ಬಿಡಬೇಕೋ ಬೇಡವೋ ಅಂತ ಅಳೆದು ನೋಡಬಹುದು. ಆದರೆ ಈ ಸ್ಥಿತಿಯಲ್ಲಿ ತಡೆದುಕೊಳ್ಳಬೇಕೋ, ಸೋಲಬೇಕೋ ಎಂಬ ನಿರ್ಧಾರವನ್ನೇ ಸ್ವತಂತ್ರವಾಗಿ ಮಾಡಲಾಗುವುದಿಲ್ಲ. ಇದು ಮನುಷ್ಯನ ಇಚ್ಛೆಯನ್ನು ಮುರಿಯುವ, ಅಳಿಸಿಯೇ ಹಾಕುವ ವಿಧಾನ. ಹಿಂದಿನ ಕಾಲದ ಚಿತ್ರಹಿಂಸೆಯ ಸಾಲಿಗೇ ಸೇರುವ ಹೊಸ ಕಾಲದ ಪದ್ಧತಿ.

'ಅಮಾನುಷ' ಅನ್ನುವ ಮಾತಿನ ಒಳಗಿರುವುದು ಇದೇ ಅಲ್ಲವೇ? ಎದುರಿಗಿರುವವನನ್ನು ಮನುಷ್ಯ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳದಿರುವುದು. ಅವನಿಗೊಂದು ಮನಸ್ಸಿದೆ, ತನ್ನದೇ ಹೌದು-ಅಲ್ಲ ಇದೆ ಅನ್ನುವುದನ್ನು ತೆಗೆದುಹಾಕಿ, ಮಾಹಿತಿ ತುಂಬಿದ ಚೀಲದ ಹಾಗೆ ಅವನನ್ನು ಕೊಡವುವುದು.

ಮೂರನೇ ಅರ್ಥ: ನೋವು ಎಷ್ಟು

ಪ್ರಕರಣ ಆಯೋಗದಿಂದ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟಿಗೆ ಹೋಯಿತು. ಇಲ್ಲೊಂದು ವಿಚಿತ್ರ ಇದೆ. ಆಯೋಗ ಕಂಡುಕೊಂಡದ್ದನ್ನು ಬ್ರಿಟನ್ ಕೋರ್ಟಿನಲ್ಲಿ ಅಲ್ಲಗಳೆಯಲೇ ಇಲ್ಲ. ಹಾಗಿದ್ದರೂ 1978ರ ಜನವರಿ 18ರಂದು 17 ನ್ಯಾಯಾಧೀಶರ ಪೀಠ ಬೇರೆಯೇ ಹೇಳಿತು. ಅಮಾನುಷ ಮತ್ತು ಹೀನಾಯ ಎಂಬುದಕ್ಕೆ 16 ಮತ, ವಿರುದ್ಧ 1. ಆದರೆ ಚಿತ್ರಹಿಂಸೆ ಅಲ್ಲ ಎಂಬುದಕ್ಕೆ 13 ಮತ, ವಿರುದ್ಧ 4.

ಕಾರಣದ ವಾಕ್ಯವನ್ನು ಬಿಡಿಸಿ ನೋಡಿದರೆ ಹೀಗಿದೆ: ಉದ್ದೇಶ ತಪ್ಪೊಪ್ಪಿಗೆ, ಹೆಸರು, ಮಾಹಿತಿ ಪಡೆಯುವುದೇ ಆಗಿತ್ತು, ಹೌದು. ವ್ಯವಸ್ಥಿತವಾಗಿ ಮಾಡಿದ್ದೂ ಹೌದು. ಆದರೂ ಚಿತ್ರಹಿಂಸೆ ಎಂಬ ಮಾತು ಸೂಚಿಸುವಷ್ಟು ತೀವ್ರವಾದ, ಕ್ರೂರವಾದ ನೋವು ಇದರಿಂದ ಆಗಲಿಲ್ಲ. ಎರಡರ ನಡುವಿನ ವ್ಯತ್ಯಾಸ ಮುಖ್ಯವಾಗಿ ನೋವಿನ ಪ್ರಮಾಣದ್ದು. ಚಿತ್ರಹಿಂಸೆ ಎಂಬ ಮಾತಿಗೆ ಒಂದು ವಿಶೇಷ ಕಳಂಕ ಇದೆ, ಅದನ್ನು ಅತ್ಯಂತ ಗಂಭೀರವಾದದ್ದಕ್ಕೆ ಮಾತ್ರ ಮೀಸಲಿಡಬೇಕು.

ಮೆಟ್ಟಿಲು ಇಲ್ಲಿಗೇ ನಿಲ್ಲಲಿಲ್ಲ. ಪ್ಯಾಲೆಸ್ ಬ್ಯಾರಕ್ಸ್ ಎಂಬಲ್ಲಿ ಬಂಧಿತರನ್ನು ಬಡಿದದ್ದು ಅಮಾನುಷ ಅಂತಾಯಿತು. ಬ್ಯಾಲಿಕಿನ್ಲರ್ ಎಂಬಲ್ಲಿ ಬಂಧಿತರಿಂದ ಮೈ ಸೋಲುವ ಹಾಗೆ ಕಸರತ್ತು ಮಾಡಿಸಿದ್ದು ನಾಚಿಕೆಗೇಡು, ಖಂಡನೀಯ, ಆದರೆ 3ನೇ ವಿಧಿಯ ಉಲ್ಲಂಘನೆ ಅಲ್ಲ ಅಂತಾಯಿತು.

ಭಿನ್ನಮತ ಬರೆದವರನ್ನು ಓದದೆ ಈ ತೀರ್ಪು ಅರ್ಥವಾಗುವುದಿಲ್ಲ. ಬ್ರಿಟನ್ನಿನ ನ್ಯಾಯಾಧೀಶ ಫಿಟ್ಸ್‌ಮಾರಿಸ್, ಇದು ಅಮಾನುಷ ಕೂಡ ಅಲ್ಲ ಎಂದರು. ಇದಕ್ಕೇ ಇಷ್ಟು ದೊಡ್ಡ ಮಾತು ಬಳಸಿದರೆ ಉಗುರು ಕೀಳುವುದಕ್ಕೆ, ಶೂಲಕ್ಕೇರಿಸುವುದಕ್ಕೆ ಯಾವ ಮಾತು ಉಳಿಯುತ್ತದೆ ಎಂಬುದು ಅವರ ವಾದ. ಇದನ್ನು ಸುಮ್ನೆ ತಳ್ಳಿಹಾಕಬಾರದು. ಮಾತು ಸವೆಯುತ್ತದೆ ಎಂಬ ಭಯ ನಿಜವಾದದ್ದೇ. ಚಿಕ್ಕಪುಟ್ಟ ಕಿರಿಕಿರಿಗೂ 'ಟಾರ್ಚರ್' ಅಂದುಬಿಟ್ಟರೆ ನಿಜವಾಗಿ ನೊಂದವನಿಗೆ ಮಾತೇ ಸಿಗುವುದಿಲ್ಲ. ಆದರೆ ಗೋಡೆಗೆ ನಿಂತ ಆ 20-30 ಗಂಟೆ ಚಿಕ್ಕಪುಟ್ಟ ಕಿರಿಕಿರಿ ಅಲ್ಲ. ಉಗುರು ಕೀಳುವುದು ಹೆಚ್ಚು ಘೋರ ಅನ್ನುವುದರಿಂದ ಇದು ಬೇರೆ ಜಾತಿಯದು ಅಂತಲೂ ಆಗುವುದಿಲ್ಲ. ಒಂದೇ ಮಾತಿನೊಳಗೆ ಹೆಚ್ಚು ಕಮ್ಮಿ ಇರಬಹುದು. ಕೊಲೆ ಅನ್ನುವ ಮಾತಿನಲ್ಲೂ ಇದೆ.

ಸೈಪ್ರಸ್‌ನ ನ್ಯಾಯಾಧೀಶ ಝೆಕಿಯಾ ಇನ್ನೊಂದು ಕಡೆಯಿಂದ ಬಂದರು. ಕಾಯಿಲೆ ಬಿದ್ದ ಮುದುಕನನ್ನು ಬಡಿದು, ನೆಲದ ಮೇಲೆ ಗಂಟೆಗಟ್ಟಲೆ ಎಳೆದಾಡಿ ಒದ್ದರೆ ಅದು ಚಿತ್ರಹಿಂಸೆ ಅಂತ ಹಿಂಜರಿಯದೆ ಹೇಳುತ್ತೇನೆ, ಅದನ್ನೇ ಒಬ್ಬ ಪೈಲ್ವಾನನಿಗೆ ಮಾಡಿದರೆ ಒರಟಾಗಿ ನಡೆಸಿಕೊಂಡರು ಅಂತ ಮಾತ್ರ ಅನ್ನಬಹುದು ಎಂದರು. ನೊಂದವನು ಯಾರು ಅಂತಲೂ ನೋಡಬೇಕು ಎಂಬುದು ಅವರ ಮಾತಿನ ತಿರುಳು. ಉದಾಹರಣೆಯ ಎರಡನೇ ಅರ್ಧ ನನಗೆ ಒಪ್ಪಿಗೆಯಿಲ್ಲ. ಪೈಲ್ವಾನನ ಮೈ ಗಟ್ಟಿ ಇರಬಹುದು, ಕೈಕಾಲು ಕಟ್ಟಿಹಾಕಿಸಿಕೊಂಡವನ ಅಸಹಾಯಕತೆ ಎಲ್ಲರದೂ ಒಂದೇ.

ಗ್ರೀಸಿನ ಎವ್ರಿಜೆನಿಸ್, ಇವತ್ತಿನ ಚಿತ್ರಹಿಂಸೆಗೆ ಹೊಡೆತ ಬಡಿತ ಬೇಕಾಗಿಲ್ಲ, ಮನುಷ್ಯನ ವ್ಯಕ್ತಿತ್ವವನ್ನು ತಾತ್ಕಾಲಿಕವಾಗಿಯಾದರೂ ಚೂರು ಮಾಡುವುದೇ ಅದರ ಗುರಿ ಎಂದರು. ಆದರೆ ನನ್ನ ಪ್ರಕಾರ ಇಡೀ ವಿವಾದವನ್ನು ತೀರ್ಮಾನಿಸುವ ಮಾತು ಆಸ್ಟ್ರಿಯಾದ ಮಾಚರ್ ಅವರದು. ವಿಧಾನ ಎಷ್ಟು ನಾಜೂಕಾಗುತ್ತದೋ, ಗುರಿ ಮುಟ್ಟಲು ಅದು ಕೊಡಬೇಕಾದ ನೋವು ಅಷ್ಟು ಕಡಿಮೆಯಾಗುತ್ತದೆ.

ಈ ಒಂದು ಮಾತು ನೋವಿನ ಅಳತೆಗೋಲನ್ನೇ ಮುರಿಯುತ್ತದೆ. ನೋವು ಎಷ್ಟು ಅಂತ ಮಾತ್ರ ನೋಡಿದರೆ, ಕಡಿಮೆ ಗಾಯದಲ್ಲಿ ಮನುಷ್ಯನನ್ನು ಮುರಿಯಲು ಕಲಿತವನು ಕೋರ್ಟಿನಲ್ಲಿ ಗೆಲ್ಲುತ್ತಾನೆ. ಅವನ ಜಾಣತನವೇ ಅವನ ರಕ್ಷಣೆಯಾಗುತ್ತದೆ. ಈ ವಿಧಾನಗಳು ಎಷ್ಟು ಚೆನ್ನಾಗಿ 'ಕೆಲಸ ಮಾಡಿದವು' ಅಂತ ತೀರ್ಪಿನಲ್ಲೇ ದಾಖಲಾಗಿದೆ. ಐಆರ್‌ಎಯ ಎರಡೂ ಬಣಗಳ 700 ಸದಸ್ಯರ ಗುರುತು ಸಿಕ್ಕಿತು, ಸುಮಾರು 85 ಅಪರಾಧಗಳಿಗೆ ಯಾರು ಹೊಣೆ ಅಂತ ತಿಳಿಯಿತು ಎಂಬುದು ಬ್ರಿಟಿಷರ ಹೇಳಿಕೆ. ಬಾಯಿ ಬಿಡಿಸುವಷ್ಟು ಜೋರಾಗಿದ್ದ ನೋವು ಚಿತ್ರಹಿಂಸೆ ಅನ್ನಿಸಿಕೊಳ್ಳುವಷ್ಟು ಜೋರಾಗಿರಲಿಲ್ಲ ಅಂದರೆ ಏನರ್ಥ?

ಆ ತೀರ್ಪು ಎಲ್ಲೆಲ್ಲಿ ಹೋಯಿತು

ತೀರ್ಪು ಬ್ರಿಟನ್ನನ್ನು ಬಿಟ್ಟುಬಿಡಲಿಲ್ಲ, ತಪ್ಪಿತಸ್ಥ ಎಂದೇ ಹೇಳಿತು. ಇದನ್ನು ಮರೆಯಬಾರದು. ಅಮಾನುಷವಾದದ್ದೂ ಚಿತ್ರಹಿಂಸೆಯಷ್ಟೇ ನಿಷಿದ್ಧ. ಆದರೆ ಓದುವವರು ಓದಿದ್ದು 'ಚಿತ್ರಹಿಂಸೆ ಅಲ್ಲ' ಎಂಬ ಭಾಗವನ್ನು.

ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದ 1984ರಲ್ಲಿ ಬಂದಾಗ ಅದರಲ್ಲೂ ಈ ಎರಡು ಬೇರೆಯಾಗಿಯೇ ಉಳಿದವು. 1ನೇ ವಿಧಿಯಲ್ಲಿ ಚಿತ್ರಹಿಂಸೆಯ ವ್ಯಾಖ್ಯಾನ, ಅದರಲ್ಲಿ ಉದ್ದೇಶವೂ ಸೇರಿದೆ. 16ನೇ ವಿಧಿಯಲ್ಲಿ ಉಳಿದ ಕ್ರೂರ, ಅಮಾನುಷ, ಹೀನಾಯ ನಡವಳಿಕೆ. ಚಿತ್ರಹಿಂಸೆಯನ್ನು ಕ್ರಿಮಿನಲ್ ಅಪರಾಧವಾಗಿ ಮಾಡಲೇಬೇಕು ಎಂಬ ಕಟ್ಟಳೆ ಮೊದಲನೆಯದಕ್ಕೆ ಇದೆ, ಎರಡನೆಯದಕ್ಕೆ ಹಾಗಿಲ್ಲ. ಮಾತಿನ ಒಂದು ಮೆಟ್ಟಿಲು ಕೆಳಗಿಳಿದರೆ ಕಾನೂನಿನ ಹಿಡಿತವೂ ಸಡಿಲವಾಗುತ್ತದೆ.

2002ರ ಆಗಸ್ಟ್ 1ರಂದು ಅಮೆರಿಕದ ನ್ಯಾಯ ಇಲಾಖೆಯ ವಕೀಲರು ಸಿಐಎ ವಿಚಾರಣೆಗಳಿಗೆ ಸಂಬಂಧಿಸಿ ಒಂದು ಟಿಪ್ಪಣಿ ಬರೆದರು. ಯಾವುದು ಚಿತ್ರಹಿಂಸೆ, ಯಾವುದು ಅಲ್ಲ ಅಂತ ಗೆರೆ ಎಳೆಯುವಾಗ ಅವರು ಆಧಾರವಾಗಿ ತೋರಿಸಿದ ತೀರ್ಪುಗಳಲ್ಲಿ ಇದೂ ಒಂದು. ಕ್ರೂರವಾಗಿದ್ದರೂ ಚಿತ್ರಹಿಂಸೆಯ ಮಟ್ಟ ಮುಟ್ಟದ ಕೃತ್ಯಗಳು ಬೇಕಾದಷ್ಟಿವೆ ಎಂಬುದಕ್ಕೆ ಗೋಡೆಗೆ ನಿಂತ ಆ 14 ಜನರೇ ಸಾಕ್ಷಿಯಾದರು.

ಮರುವರ್ಷ, 2003ರ ಸೆಪ್ಟೆಂಬರ್‌ನಲ್ಲಿ, ಇರಾಕಿನ ಬಸ್ರಾದಲ್ಲಿ ಬಾಹಾ ಮೂಸಾ ಎಂಬ ಹೋಟೆಲ್ ರಿಸೆಪ್ಷನಿಸ್ಟ್ ಬ್ರಿಟಿಷ್ ಸೈನಿಕರ ವಶದಲ್ಲಿ ಸತ್ತರು. ವಯಸ್ಸು 26. ಮೈಮೇಲೆ 93 ಗಾಯ. ಅವರ ತಲೆಗೂ ಚೀಲ ಹಾಕಿದ್ದರು, ಅವರನ್ನೂ ನೋವಾಗುವ ಭಂಗಿಯಲ್ಲಿ ಇರಿಸಿದ್ದರು. ಹೀತ್ ಸಂಸತ್ತಿನಲ್ಲಿ ಕೊಟ್ಟ ಮಾತಿಗೆ ಆಗ 31 ವರ್ಷವಾಗಿತ್ತು. ಒಬ್ಬ ಕಾರ್ಪೊರಲ್ ಬಂಧಿತರನ್ನು ಅಮಾನುಷವಾಗಿ ನಡೆಸಿಕೊಂಡದ್ದನ್ನು 2006ರಲ್ಲಿ ಒಪ್ಪಿಕೊಂಡ. ಸಿಕ್ಕಿದ್ದು ಒಂದು ವರ್ಷದ ಶಿಕ್ಷೆ.

ಕೋರ್ಟು ಆಮೇಲೆ ತನ್ನ ಅಳತೆಯನ್ನು ಸ್ವಲ್ಪ ಬದಲಿಸಿಕೊಂಡಿದ್ದೂ ನಿಜ. 1999ರಲ್ಲಿ ಫ್ರಾನ್ಸ್ ವಿರುದ್ಧದ ಸೆಲ್ಮೂನಿ ಪ್ರಕರಣದಲ್ಲಿ, ಹಿಂದೆ ಬರೀ ಅಮಾನುಷ ಎನಿಸಿಕೊಂಡದ್ದು ಮುಂದೆ ಚಿತ್ರಹಿಂಸೆ ಎನಿಸಿಕೊಳ್ಳಬಹುದು ಎಂದಿತು. ಹಾಗಾದರೆ 1978ರದನ್ನೂ ತಿದ್ದಬಹುದಲ್ಲ?

2014ರಲ್ಲಿ ಅಂಥ ಅವಕಾಶ ಬಂತು. ಹಳೆಯ ಬ್ರಿಟಿಷ್ ಕಡತಗಳು ಹೊರಬಂದವು. ಗೃಹಮಂತ್ರಿ ಮರ್ಲಿನ್ ರೀಸ್ 1977ರಲ್ಲಿ ಪ್ರಧಾನಿಗೆ ಬರೆದ ಪತ್ರವೂ ಅದರಲ್ಲಿತ್ತು. ಉತ್ತರ ಐರ್ಲೆಂಡಿನಲ್ಲಿ ಚಿತ್ರಹಿಂಸೆಯ ವಿಧಾನ ಬಳಸುವ ತೀರ್ಮಾನ ಮಾಡಿದ್ದು ಮಂತ್ರಿಗಳೇ ಅಂತ ಅದರಲ್ಲಿ ಬರೆದಿದ್ದರು. ಕೋರ್ಟು ಹೇಳಲು ಒಪ್ಪದ ಮಾತನ್ನು ಮಂತ್ರಿಯೇ ಬಳಸಿದ್ದರು! ಈ ಹಿಂಸೆಯ ಪರಿಣಾಮ ದೀರ್ಘಕಾಲ ಉಳಿಯುವುದಿಲ್ಲ ಎಂದು ಸಾಕ್ಷಿ ಹೇಳಿದ್ದ ಸರ್ಕಾರದ ಮನೋವೈದ್ಯರು ಆಯೋಗವನ್ನು ದಾರಿತಪ್ಪಿಸಿದ್ದರು ಎಂಬುದು ಐರ್ಲೆಂಡಿನ ವಾದ. 2018ರ ಮಾರ್ಚ್ 20ರಂದು ಕೋರ್ಟು 6-1 ಮತದಿಂದ ಮರುಪರಿಶೀಲನೆಯ ಅರ್ಜಿಯನ್ನು ತಿರಸ್ಕರಿಸಿತು. ಆ ಸಂಗತಿ ಮೊದಲೇ ಗೊತ್ತಿದ್ದರೆ ತೀರ್ಪು ಬದಲಾಗುತ್ತಿತ್ತು ಅಂತ ಸಾಬೀತಾಗಿಲ್ಲ ಎಂಬುದು ಕಾರಣ.

ನೋವಿನ ಅಳತೆ ಹಿಡಿದದ್ದರ ಇನ್ನೊಂದು ತೊಂದರೆ ಇಲ್ಲಿ ಕಾಣುತ್ತದೆ. ನೋವು ಎಷ್ಟಾಯಿತು, ಎಷ್ಟು ವರ್ಷ ಉಳಿಯಿತು ಅಂತ ಕೇಳಿದರೆ ಉತ್ತರಕ್ಕೆ ವೈದ್ಯರ ಬಾಯಿ ನೋಡಬೇಕು. ವೈದ್ಯರು ಯಾರ ಕಡೆಯವರು, ಯಾವಾಗ ಪರೀಕ್ಷಿಸಿದರು, ಯಾವ ಕಡತ ಮುಚ್ಚಿಟ್ಟರು ಅನ್ನೋದರ ಮೇಲೆ ಮಾತಿನ ಅರ್ಥ ನಿಲ್ಲುತ್ತದೆ. ಆಯೋಗದ ಹಾಗೆ ಉದ್ದೇಶ ಮತ್ತು ವಿಧಾನ ನೋಡಿದ್ದರೆ ಈ ಗೋಜೇ ಇರಲಿಲ್ಲ. ಅವೆರಡರ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ಉತ್ತರ ಐರ್ಲೆಂಡಿನ ಪೊಲೀಸರು ಈ ವಿಷಯವನ್ನು ಮುಂದೆ ತನಿಖೆ ಮಾಡುವುದಿಲ್ಲ ಎಂದು 2014ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದ್ದರು. ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಡಿಸೆಂಬರ್ 15ರಂದು ಆ ತೀರ್ಮಾನವನ್ನು ತಪ್ಪೆಂದಿತು. 1971ರಲ್ಲಿ ನಡೆದದ್ದನ್ನು ಇವತ್ತಿನ ಅಳತೆಯಲ್ಲಿ ಬಹುಶಃ ಚಿತ್ರಹಿಂಸೆ ಎಂದೇ ಕರೆಯಲಾಗುತ್ತದೆ ಎಂದೂ ಹೇಳಿತು. 2023ರಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಬದುಕಿರುವವರಲ್ಲಿ, ತೀರಿಕೊಂಡವರ ಮನೆಯವರಲ್ಲಿ ಕ್ಷಮೆ ಕೇಳಿತು. ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳುವಂತೆ ಬ್ರಿಟನ್ನಿಗೆ ಆದೇಶ ಕೊಡಿ ಎಂದು ಐರ್ಲೆಂಡ್ 1978ರಲ್ಲೇ ಕೇಳಿತ್ತು. ಅದು ತನ್ನ ಅಧಿಕಾರದಲ್ಲಿಲ್ಲ ಎಂದು ಸ್ಟ್ರಾಸ್‌ಬರ್ಗ್ ಕೋರ್ಟು ಹೇಳಿತ್ತು. ಈ 14 ಜನರಿಗೆ ಮಾಡಿದ್ದಕ್ಕಾಗಿ ಯಾರಿಗೂ ಶಿಕ್ಷೆಯಾಗಿಲ್ಲ.